ಹತ್ತು ಗಂಟೆಗೆ ಸೈಕಲ್ ನಿಲ್ಲಿಸಿ: ಬೇಸಿಗೆ ರಜೆಯಲ್ಲಿ ಗೆಳೆಯರ ಸವಾರಿ, ತೋಟದಲ್ಲಿ ಬಿಡಾರ

ಏಪ್ರಿಲ್ ತಿಂಗಳಲ್ಲಿ ಸೈಕಲ್ ಪ್ರವಾಸ ಎಂದರೆ ಮನೆಯ ಹಿರಿಯರು ಕೇಳುವುದು ಒಂದೇ ಪ್ರಶ್ನೆ: "ಈ ಬಿಸಿಲಿನಲ್ಲಾ?" ಪ್ರಶ್ನೆ ನ್ಯಾಯವಾದದ್ದೇ. ಮಟಮಟ ಮಧ್ಯಾಹ್ನ ಮಂಡ್ಯದ ಡಾಂಬರು ರಸ್ತೆಯ ಮೇಲೆ ಸೈಕಲ್ ತುಳಿಯುವುದು ಶೌರ್ಯವಲ್ಲ, ಮೊಂಡುತನ. ಆದರೆ ಮೈಸೂರು ಸೀಮೆಯ ಬೇಸಿಗೆಯಲ್ಲಿ ದಿನಕ್ಕೆ ಎರಡು ಒಳ್ಳೆಯ ಹೊತ್ತುಗಳಿವೆ. ಬೆಳಗಿನ ಐದೂವರೆಯಿಂದ ಹತ್ತರವರೆಗೆ ಒಂದು, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ ಇನ್ನೊಂದು. ಎರಡೂ ಸೇರಿದರೆ ಆರೇಳು ಗಂಟೆ ಸಿಗುತ್ತದೆ. ಮಾತಾಡಿಕೊಂಡು ಹೋಗುವ ಗುಂಪಿಗೆ ಅದು ಧಾರಾಳ. ಬೇಸಿಗೆಯ ಸವಾರಿಯನ್ನು ಮೊದಲು ಗಡಿಯಾರ ನೋಡಿ ಯೋಜಿಸಬೇಕು. ಕಿಲೋಮೀಟರುಗಳ ಲೆಕ್ಕ ಆಮೇಲೆ.

ಬರಿಯ ಸಲಹೆಗಳನ್ನು ಗಾಳಿಯಲ್ಲಿ ಹೇಳುವ ಬದಲು ಒಂದು ದಾರಿಯನ್ನೇ ಇಟ್ಟುಕೊಂಡು ಹೇಳುತ್ತೇನೆ: ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ, ತೊಣ್ಣೂರು ಕೆರೆಯ ಮೇಲೆ ಮೇಲುಕೋಟೆ. ಎರಡು ರಾತ್ರಿ, ಮೂರು ಬೆಳಗು. ಗಟ್ಟಿಗರು ಇದನ್ನು ಒಂದೇ ದಿನದಲ್ಲಿ ಹೋಗಿ ಬರುತ್ತಾರೆ. ಅವರಿಗೆ ಈ ಲೇಖನ ಬೇಕಿಲ್ಲ.

ಮೊದಲು ಜನ ಸೇರಲಿ

ನಾಲ್ಕರಿಂದ ಆರು ಜನರಿದ್ದರೆ ಸರಿಯಾದ ಗುಂಪು. ಇಬ್ಬರೇ ಆದರೆ ಒಬ್ಬರಿಗೆ ಜ್ವರ ಬಂದರೂ ಪ್ರವಾಸ ನಿಂತುಹೋಗುತ್ತದೆ. ಎಂಟು ಹತ್ತು ಜನರಾದರೆ ಹೋಟೆಲಿನಲ್ಲಿ ಎರಡು ಮೇಜು, ಪಂಕ್ಚರಿಗೆ ಎರಡು ಪಟ್ಟು ಕಾಯುವಿಕೆ, ಜಾಗ ಕೊಟ್ಟ ತೋಟದ ಯಜಮಾನರ ಹಣೆಯಲ್ಲಿ ಮೂರು ಗೆರೆ.

ಗುಂಪಿನಲ್ಲಿ ಎಲ್ಲರ ಕಾಲಿನ ಶಕ್ತಿ ಒಂದೇ ಆಗಿರುವುದಿಲ್ಲ, ಆಗಿರಬೇಕಾಗಿಯೂ ಇಲ್ಲ. ಹೊರಡುವ ಮುಂಚೆ ಒಂದು ಮಾತು ಎಲ್ಲರ ನಡುವೆ ಇತ್ಯರ್ಥವಾಗಿರಲಿ: ಎಲ್ಲರಿಗಿಂತ ನಿಧಾನವಾಗಿ ತುಳಿಯುವವರ ವೇಗವೇ ಗುಂಪಿನ ವೇಗ. ಹೊಸಬರಿರುವ ಗುಂಪು ಸಾಮಾನು ಹೊತ್ತು ಗಂಟೆಗೆ 12ರಿಂದ 15 ಕಿ.ಮೀ. ಹೋಗುತ್ತದೆ. ನೀರು, ಫೋಟೊ, ಎಳನೀರು, "ಒಂದು ನಿಮಿಷ ತಾಳಿ" ಎಲ್ಲ ಸೇರಿಸಿದರೆ ಗಂಟೆಗೆ 10 ಎಂದು ಹಿಡಿಯಿರಿ. ಈ ಲೆಕ್ಕದಲ್ಲಿ ಯೋಜನೆ ಹಾಕಿದವರು ಸಂಜೆ ನಗುತ್ತಾ ತಲುಪುತ್ತಾರೆ. ಗಂಟೆಗೆ 20ರ ಲೆಕ್ಕ ಹಾಕಿದವರು ಕತ್ತಲಲ್ಲಿ ಜಗಳವಾಡಿಕೊಂಡು ತಲುಪುತ್ತಾರೆ.

ಇಬ್ಬರಿಗೆ ಕೆಲಸ ಹಂಚಿ. ದಾರಿ ಗೊತ್ತಿರುವವರು ಮುಂದೆ. ರಿಪೇರಿ ಗೊತ್ತಿರುವವರು ಕೊನೆಯಲ್ಲಿ. ಆ ಕೊನೆಯವರಿಗಿಂತ ಹಿಂದೆ ಯಾರೂ ಉಳಿಯಬಾರದು. ತಿರುವು ಬಂದಲ್ಲೆಲ್ಲ ಮುಂದಿನವರು ನಿಂತು, ಹಿಂದಿನವರು ಕಣ್ಣಿಗೆ ಬಿದ್ದ ಮೇಲೆಯೇ ತಿರುಗಬೇಕು. ಬಲಶಾಲಿಯನ್ನು ಮುಂದೆ ಬಿಟ್ಟರೆ ಆತ ಪಾಂಡವಪುರದಲ್ಲಿ ದೋಸೆ ತಿನ್ನುವಾಗ ಉಳಿದವರು ಶ್ರೀರಂಗಪಟ್ಟಣದಲ್ಲಿರುತ್ತಾರೆ. ಆದ್ದರಿಂದ ಬಲಶಾಲಿಯ ಸೈಕಲ್ಲಿಗೆ ಟೆಂಟು, ಒಲೆ, ಪಾತ್ರೆ ಎಲ್ಲವನ್ನೂ ಕಟ್ಟಿ. ವೇಗ ತಾನಾಗಿಯೇ ಸಮನಾಗುತ್ತದೆ.

ಮಾರ್ಚಿನಲ್ಲೇ ಅಭ್ಯಾಸ ಶುರುವಾಗಲಿ. ವಾರಕ್ಕೊಂದು ಸಂಜೆ ಊರೊಳಗೆ ಒಂದು ಸುತ್ತು, ಕೊನೆಯಲ್ಲಿ ಒಂದು ಕಾಫಿ. ಸೈಕಲ್ಲೇ ಇಲ್ಲದ ಗೆಳೆಯರನ್ನೂ ಕರೆಯಿರಿ. ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ಟ್ರಿಣ್ ಟ್ರಿಣ್‌ನಂಥ ಬಾಡಿಗೆ ಸೈಕಲ್ ಊರೊಳಗಿನ ಸುತ್ತಾಟಕ್ಕೇ ಇರುವುದು, ದೂರದ ಪ್ರಯಾಣಕ್ಕಲ್ಲ. ಆದರೂ ಒಬ್ಬರಿಗೆ ಸೀಟಿನ ಮೇಲೆ ಒಂದು ಗಂಟೆ ಕೂರುವುದು ಹಿತವೋ ಹಿಂಸೆಯೋ ಎಂದು ತಿಳಿಯಲು ಅಷ್ಟು ಸಾಕು. ಹೊರಡುವ ಹಿಂದಿನ ವಾರ ಪೂರ್ತಿ ಸಾಮಾನು ಕಟ್ಟಿಕೊಂಡು ರಂಗನತಿಟ್ಟಿನವರೆಗೆ ಒಮ್ಮೆ ಹೋಗಿ ಬನ್ನಿ. ಕ್ಯಾರಿಯರಿನಿಂದ ಬೀಳಬೇಕಾದದ್ದೆಲ್ಲ ಅಂದೇ ಬಿದ್ದುಹೋಗಲಿ.

ದಾರಿ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಿಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಸೈಕಲ್ಲುಗಳಿಗೆ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬಹುದು, ಆದರೆ ಆ ಗದ್ದಲದಲ್ಲಿ ಸುಖವಿಲ್ಲ. ಮೈಸೂರಿನಿಂದ ಕೆ.ಆರ್.ಎಸ್. ರಸ್ತೆ ಹಿಡಿದು ಬೆಳಗೊಳ, ಪಾಲಹಳ್ಳಿಯ ಕಡೆಯಿಂದ ಶ್ರೀರಂಗಪಟ್ಟಣ ಸೇರಿದರೆ ಸ್ವಲ್ಪ ಸುತ್ತಾದರೂ ಗದ್ದೆ ಬಯಲಿನ ಗಾಳಿ ಸಿಗುತ್ತದೆ. ಅಲ್ಲಿಂದ ಪಾಂಡವಪುರ, ಆಮೇಲೆ ನಾಗಮಂಗಲದ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ತೊಣ್ಣೂರು ಕೆರೆ. ಮೊದಲ ಬೆಳಗಿನ ಪಾಲು ಇಷ್ಟೇ, ಸುಮಾರು 40 ಕಿ.ಮೀ. ಐದೂವರೆಗೆ ಹೊರಟು ಶ್ರೀರಂಗಪಟ್ಟಣದಲ್ಲಿ ಇಡ್ಲಿ ತಿಂದರೂ ಹತ್ತರ ಸುಮಾರಿಗೆ ಕೆರೆಯ ಹತ್ತಿರ ಇರುತ್ತೀರಿ.

ಈ ಭಾಗದಲ್ಲಿ ಎಲ್ಲರನ್ನೂ ಸೆಳೆಯುವುದು ವಿಶ್ವೇಶ್ವರಯ್ಯ ನಾಲೆಯ ಏರಿ. ಒಂದು ಕಡೆ ನೀರು, ಇನ್ನೊಂದು ಕಡೆ ಕಬ್ಬು, ಮೇಲೆ ಮರದ ನೆರಳು. ಹಗಲು ಬೆಳಕಿನಲ್ಲಿ, ಒಬ್ಬರ ಹಿಂದೆ ಒಬ್ಬರು, ನೀರಿನ ಕಡೆಯ ಅಂಚಿನಿಂದ ದೂರವಿದ್ದು ಹೋಗಿ. ಹಲವೆಡೆ ತಡೆಗೋಡೆಯಿಲ್ಲ, ಹರಿಯುವ ನೀರಿಗೆ ಸೆಳೆತವಿದೆ, ಕಾಂಕ್ರೀಟು ಬದಿ ಪಾಚಿ ಕಟ್ಟಿ ಜಾರುತ್ತದೆ. 2018ರ ನವೆಂಬರಿನಲ್ಲಿ ಕನಗನಮರಡಿಯ ಬಳಿ ಇದೇ ನಾಲೆಗೆ ಬಸ್ಸು ಉರುಳಿ 30 ಜನ ತೀರಿಕೊಂಡರು. ಕತ್ತಲಾದ ಮೇಲೆ ನಾಲೆ ಏರಿಯ ಸಹವಾಸ ಬೇಡವೇ ಬೇಡ. ಕಾಲು ತೊಳೆಯಲೆಂದೂ ಇಳಿಯಬೇಡಿ. ಕೊಳಾಯಿ ಇರುವ ಊರು ಎರಡು ಕಿಲೋಮೀಟರಿಗೊಂದು ಸಿಗುತ್ತದೆ.

ಬೆಂಗಳೂರಿನ ಗೆಳೆಯರು ಸೈಕಲ್ಲನ್ನು ರೈಲಿನಲ್ಲಿ ತರುವುದಾದರೆ ಒಂದು ಮಾತು. ಪಾರ್ಸೆಲ್ ಕಚೇರಿಯಲ್ಲಿ ಟಿಕೆಟ್ ತೋರಿಸಿ 'ಲಗೇಜ್' ಎಂದು ಬುಕ್ ಮಾಡಿಸಿ. ಹಾಗೆ ಮಾಡಿಸಿದರೆ ಸೈಕಲ್ ನಿಮ್ಮ ರೈಲಿನಲ್ಲೇ ಬರುತ್ತದೆ. 'ಪಾರ್ಸೆಲ್' ಎಂದರೆ ಜಾಗ ಸಿಕ್ಕಾಗ ಬರುತ್ತದೆ. ಹೊರಡುವ ಹೊತ್ತಿಗಿಂತ ಒಂದೆರಡು ಗಂಟೆ ಮುಂಚೆ ಹೋಗಿ, ಪೆಡಲ್ ಬಿಚ್ಚಿ, ಗೇರಿನ ಭಾಗಕ್ಕೆ ರಟ್ಟು ಸುತ್ತಿ ಕೊಡಿ. ಮೈಸೂರಿನಲ್ಲೇ ಇಳಿಸಿಕೊಳ್ಳಿ. ಪಾಂಡವಪುರದಂಥ ಸಣ್ಣ ನಿಲ್ದಾಣದಲ್ಲಿ ರೈಲು ನಿಲ್ಲುವ ಅವಸರದೊಳಗೆ ಸೈಕಲ್ ಇಳಿಸುವ ಸಾಹಸ ಬೇಡ.

ಸೈಕಲ್ ಮತ್ತು ಜಾಲಿ ಮುಳ್ಳು

ದುಬಾರಿ ಸೈಕಲ್ ಬೇಕಿಲ್ಲ. ಗಟ್ಟಿ ಕ್ಯಾರಿಯರ್, ಹಿಡಿಯುವ ಬ್ರೇಕ್, ಏರಿಗೆ ಒಂದು ಹಗುರವಾದ ಗೇರ್, ಇಷ್ಟಿದ್ದರೆ ಆಯಿತು. ಸೀಟಿನ ಎತ್ತರ ಮಾತ್ರ ಸರಿಯಿರಲಿ. ಸೀಟಿನ ಮೇಲೆ ಕುಳಿತು, ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ನಮ್ಮಲ್ಲಿ ಮುಕ್ಕಾಲು ಪಾಲು ಜನ ಸೀಟನ್ನು ತಗ್ಗಿಸಿಕೊಂಡು, ಮಂಡಿ ನೋವಿಗೆ ಸೈಕಲ್ಲನ್ನು ಬೈಯುತ್ತಾರೆ.

ಟ್ಯೂಬಿನ ಅಳತೆಯನ್ನು ಟೈರಿನ ಪಕ್ಕದಲ್ಲಿ ಓದಿ ಬರೆದುಕೊಳ್ಳಿ. ಹಳ್ಳಿಯ ಸೈಕಲ್ ಅಂಗಡಿಯಲ್ಲಿ 26 ಇಂಚಿನದ್ದು ಸಿಗಬಹುದು, ಹಾಲಿನ ಕ್ಯಾನು ಕಟ್ಟುವ ಹಳೆಯ ದೊಡ್ಡ ಸೈಕಲ್ಲಿನ 28 ಇಂಚಿನದ್ದು ಸಿಗುತ್ತದೆ. 27.5, 29, 700 ಎಂದರೆ ಅಂಗಡಿಯವರು ನಿಮ್ಮ ಮುಖ ನೋಡುತ್ತಾರೆ. ಅಂಥ ಸೈಕಲ್ ಇರುವವರು ತಲಾ ಎರಡು ಟ್ಯೂಬ್ ತರಬೇಕು. ವಾಲ್ವ್ ಕೂಡ ನೋಡಿ. ಬೈಕಿನ ಟೈರಿನಂಥ ದಪ್ಪ ವಾಲ್ವ್ ಇದ್ದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ತುಂಬಿಸಬಹುದು. ತೆಳ್ಳಗೆ ಉದ್ದವಾಗಿರುವ ವಾಲ್ವ್ ಆದರೆ ಹೊಂದುವ ಕೈಪಂಪು ಜೊತೆಗಿರಲೇಬೇಕು.

ಏಕೆಂದರೆ ಪಂಕ್ಚರ್ ಆಗಿಯೇ ಆಗುತ್ತದೆ. ಬೇಸಿಗೆಯಲ್ಲಿ ಬೇಲಿಯ ಜಾಲಿ ಒಣಗಿ, ಕಡಿದು ಎಳೆದುಕೊಂಡು ಹೋದ ದಾರಿಯುದ್ದಕ್ಕೂ ಮುಳ್ಳು ಉದುರಿರುತ್ತದೆ. ಹೊಸಬರು ಟ್ಯೂಬ್ ಬದಲಿಸಿ, ಗಾಳಿ ತುಂಬಿ, ನೂರು ಮೀಟರ್ ಹೋಗಿ ಮತ್ತೆ ಇಳಿಯುತ್ತಾರೆ. ಮುಳ್ಳಿನ ತುದಿ ಟೈರಿನೊಳಗೇ ಮುರಿದು ಉಳಿದಿರುತ್ತದೆ. ಹೀಗೆ ಮಾಡಿ: ಟ್ಯೂಬ್ ಹೊರತೆಗೆದು ಗಾಳಿ ತುಂಬಿ, ಕೆನ್ನೆಯ ಹತ್ತಿರ ಹಿಡಿದು ತಿರುಗಿಸಿ. ತೂತಿನ ಗಾಳಿ ಚರ್ಮಕ್ಕೆ ತಾಗುತ್ತದೆ. ವಾಲ್ವಿನಿಂದ ಆ ತೂತು ಎಷ್ಟು ದೂರವೋ ಟೈರಿನಲ್ಲಿಯೂ ಅಷ್ಟೇ ದೂರದಲ್ಲಿ ಹುಡುಕಿ. ಬೆರಳು ಆಡಿಸಬೇಡಿ, ಚುಚ್ಚುತ್ತದೆ. ಹತ್ತಿಯ ಬಟ್ಟೆಯ ಚೂರನ್ನು ಟೈರಿನ ಒಳಮೈಗೆ ಉಜ್ಜಿಕೊಂಡು ಹೋಗಿ. ಬಟ್ಟೆ ಸಿಕ್ಕಿಕೊಂಡಲ್ಲಿ ಮುಳ್ಳಿದೆ. ಉಗುರು ಕತ್ತರಿಯಲ್ಲಿ ಕಿತ್ತು ತೆಗೆದು, ಇಡೀ ಸುತ್ತು ಇನ್ನೊಮ್ಮೆ ಬಟ್ಟೆ ಆಡಿಸಿ. ಜಾಲಿ ಒಂಟಿಯಾಗಿ ಚುಚ್ಚುವುದು ಅಪರೂಪ.

ಗುಂಪಿಗೆ ಒಂದೇ ರಿಪೇರಿ ಚೀಲ ಸಾಕು: ಟೈರ್ ಬಿಚ್ಚುವ ಪ್ಲಾಸ್ಟಿಕ್ ಪಟ್ಟಿಗಳು, ಪ್ಯಾಚು, ಪಂಪು, ಅಲೆನ್ ಕೀಗಳು, ಸಣ್ಣ ಸ್ಪ್ಯಾನರು, ಚೈನಿನ ಎಣ್ಣೆ, ಒಂದು ಜೊತೆ ಬ್ರೇಕ್ ರಬ್ಬರು, ನಾಲ್ಕಾರು ಪ್ಲಾಸ್ಟಿಕ್ ಟೈ.

ಹೊರೆ

ಬೆನ್ನಿಗೆ ಚೀಲ ಹಾಕಿಕೊಂಡು ಸೈಕಲ್ ತುಳಿಯಬೇಡಿ. ಬೇಸಿಗೆಯಲ್ಲಿ ಬೆನ್ನು ಬೆವರಿ ಬೆಂದುಹೋಗುತ್ತದೆ, ತೂಕವೆಲ್ಲ ಸೀಟಿನ ಮೇಲೆ ಕೂರುತ್ತದೆ. ಕ್ಯಾರಿಯರಿನ ಎರಡು ಬದಿಗೆ ಸಮತೂಕದ ಚೀಲ, ಭಾರದ್ದು ಕೆಳಗೆ. ಸೈಕಲ್ಲಿನ ಬ್ಯಾಗು ಕೊಳ್ಳಲು ದುಡ್ಡಿಲ್ಲದಿದ್ದರೆ ಎರಡು ಗಟ್ಟಿ ಬಟ್ಟೆ ಚೀಲಗಳ ಹಿಡಿ ಕಟ್ಟಿ ಕ್ಯಾರಿಯರಿನ ಮೇಲೆ ಇಳಿಬಿಡಿ, ಹಳೆಯ ಟ್ಯೂಬ್ ಸೀಳಿದ ಪಟ್ಟಿಯಿಂದ ಬಿಗಿಯಿರಿ. ಆ ಪಟ್ಟಿ ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ಮನೆ ಕೊಡುತ್ತಾರೆ. ಚೀಲ ಚಕ್ರದ ಕಡ್ಡಿಗೆ ತಾಗದಂತೆ ಒಳಗೊಂದು ರಟ್ಟು ನಿಲ್ಲಿಸಿ.

ಬೇಸಿಗೆಯ ಬಿಡಾರಕ್ಕೆ ಬೇಕಾದದ್ದು ಕಡಿಮೆ. ಇಬ್ಬರಿಗೊಂದು ಟೆಂಟು, ಹೊದೆಯಲು ತೆಳು ದುಪ್ಪಟಿ, ಕೆಳಗೆ ಚಾಪೆ, ಎಲ್ಲರಿಗೂ ಸೇರಿ ಒಂದು ಟಾರ್ಪಾಲು, ತಲೆಗೆ ಕಟ್ಟುವ ಟಾರ್ಚು. ಎರಡು ಜೊತೆ ಹತ್ತಿಯ ಬಟ್ಟೆ, ತುಂಬುತೋಳಿನ ಅಂಗಿ, ಹೆಲ್ಮೆಟ್, ಚೌಕಳಿ ಟವಲು. ಈ ಟವಲಿನ ಗುಣಗಾನಕ್ಕೆ ಬೇರೆಯೇ ಲೇಖನ ಬರೆಯಬಹುದು: ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿದರೆ ತಂಪು, ಒಣಗಿಸಿದರೆ ದಿಂಬು, ಬಿಸಿ ಪಾತ್ರೆಗೆ ಇಕ್ಕಳ, ಕೆರೆಯ ದಂಡೆಯಲ್ಲಿ ಆಸನ.

ಹತ್ತರಿಂದ ನಾಲ್ಕೂವರೆ

ಹೊರಡುವ ಮುಂಚೆಯೇ ನೀರು ಕುಡಿಯಿರಿ. ದಾರಿಯಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಬಾಯಾರಿದಾಗ ಗಟಗಟನೆಯಲ್ಲ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು. ಬರಿಯ ನೀರೇ ಆದರೆ ಬೆವರಿನಲ್ಲಿ ಹೋದ ಉಪ್ಪು ವಾಪಸ್ಸು ಬರುವುದಿಲ್ಲ. ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದರೆ ಮನೆಯ ಓಆರ್‌ಎಸ್ ಸಿದ್ಧ. ಉಪ್ಪು ಹಾಕಿದ ನೀರು ಮಜ್ಜಿಗೆ ಇನ್ನೂ ರುಚಿ. ರಾಮನವಮಿಯ ದಿನ ಹೊರಟವರ ಭಾಗ್ಯವೇ ಬೇರೆ; ಊರೂರಿನ ಚಪ್ಪರಗಳಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿಯನ್ನು ಕೈ ಹಿಡಿದು ನಿಲ್ಲಿಸಿ ಕೊಡುತ್ತಾರೆ. ಬೇಡವೆನ್ನಬೇಡಿ. ಆಲೆಮನೆ ನಡೆಯುತ್ತಿದ್ದರೆ ಇಳಿದು ಕೇಳಿ, ಒಂದು ಲೋಟ ಕಬ್ಬಿನ ಹಾಲು ಸಿಗುತ್ತದೆ. ರಸ್ತೆಬದಿಯ ಗಾಡಿಯಲ್ಲಾದರೆ ಐಸ್ ಹಾಕಿಸಿಕೊಳ್ಳಬೇಡಿ.

ಹತ್ತು ಗಂಟೆಗೆ, ತಡವಾದರೆ ಹತ್ತೂವರೆಗೆ, ಎಲ್ಲಿದ್ದರೆ ಅಲ್ಲಿ ಸೈಕಲ್ ನಿಲ್ಲಿಸಿ. "ಇನ್ನು ಐದೇ ಕಿಲೋಮೀಟರ್" ಎನ್ನುವ ಗೆಳೆಯರ ಮಾತನ್ನು ಕೇಳಬೇಡಿ. ಅರಳಿ ಕಟ್ಟೆ, ಹೊಂಗೆಯ ನೆರಳು, ದೇವಸ್ಥಾನದ ಹೊರಜಗುಲಿ, ಹೋಟೆಲಿನ ಹಿಂದಿನ ಚಪ್ಪರ, ಯಾವುದಾದರೂ ಆದೀತು. ತೊಣ್ಣೂರಿನಲ್ಲಿ ಕೆರೆಯಿದೆ, ನಂಬಿನಾರಾಯಣ ಮತ್ತು ಗೋಪಾಲಕೃಷ್ಣ ದೇವಾಲಯಗಳಿವೆ, ಹಳೆಯ ದರ್ಗಾ ಇದೆ. ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಆದ್ದರಿಂದ ನೋಡುವುದನ್ನು ಮೊದಲು ಮುಗಿಸಿ, ಊಟ ಆಮೇಲೆ. ಕೆರೆಯ ನೀರು ಎಷ್ಟು ತಿಳಿಯಾಗಿ ಕಂಡರೂ ಈಜಲು ಇಳಿಯಬೇಡಿ. ಆಳ ಹೆಚ್ಚು, ಪ್ರವಾಸಕ್ಕೆ ಬಂದು ಮುಳುಗಿದವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ.

ಆರು ಗಂಟೆ ಏನು ಮಾಡುವುದು ಎಂದು ಹೊಸಬರು ಚಡಪಡಿಸುತ್ತಾರೆ. ನಿದ್ದೆ ಮಾಡಿ. ಇಸ್ಪೀಟು, ಚೌಕಾಬಾರ ತನ್ನಿ. ಚೌಕಾಬಾರಕ್ಕೆ ಸೀಮೆಸುಣ್ಣ ಮತ್ತು ನಾಲ್ಕು ಕವಡೆ ಸಾಕು. ಊರಿನ ಹಿರಿಯರು ಬಂದು ಕೂರುತ್ತಾರೆ, "ಮೋಟರು ಇಲ್ಲವೇ ಇದಕ್ಕೆ?" ಎಂದು ಕೇಳುತ್ತಾರೆ, ತಾವು ಸಂತೆಗೆ ಸೈಕಲ್ಲಿನಲ್ಲಿ ಮೂಟೆ ಹೊತ್ತ ಕಾಲದ ಕತೆ ಹೇಳುತ್ತಾರೆ. ನನ್ನ ಮಟ್ಟಿಗೆ ಇಡೀ ಪ್ರವಾಸದ ಸಾರ ಈ ಆರು ಗಂಟೆಗಳಲ್ಲೇ ಇದೆ, ತುಳಿಯುವುದು ಬರಿಯ ನೆಪ. ಕಾಲೇಜು ಬಿಟ್ಟ ಮೇಲೆ ಗೆಳೆಯರೆಲ್ಲ ಸೇರಿ ಇಷ್ಟು ಹೊತ್ತು ಸುಮ್ಮನೆ ಕೂರುವ ಸಂದರ್ಭ ಬೇರೆಲ್ಲಿ ಸಿಗುತ್ತದೆ, ಹೇಳಿ.

ಬಿಸಿಲಿನ ಹೊಡೆತದ ಗುರುತುಗಳು ಎಲ್ಲರಿಗೂ ಗೊತ್ತಿರಲಿ. ತಲೆನೋವು, ವಾಕರಿಕೆ, ಕಾಲು ಹಿಡಿತ, ತಲೆ ಸುತ್ತು ಬಂದರೆ ಅದು ಮೊದಲ ಎಚ್ಚರಿಕೆ. ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಉಪ್ಪು ಸಕ್ಕರೆ ನೀರು ಕುಡಿಸಿ, ಅಂದಿನ ಸವಾರಿಯನ್ನು ಅಲ್ಲಿಗೇ ಬಿಡಿ. ಮಾತು ತೊದಲಿದರೆ, ಅಸಂಬದ್ಧವಾಗಿ ಮಾತನಾಡಿದರೆ, ಮೈ ಕೆಂಡದಂತೆ ಸುಟ್ಟರೆ ಅದು ಪ್ರಾಣಾಪಾಯ. ಮೈಮೇಲೆ ನೀರು ಸುರಿಯುತ್ತಾ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಬಿಡಾರ

ಹೊಸಬರ ಕನಸಿನಲ್ಲಿ ಟೆಂಟು ಕಾಡಿನ ನಡುವೆ ಇರುತ್ತದೆ. ಆ ಕನಸನ್ನು ಮನೆಯಲ್ಲೇ ಬಿಟ್ಟು ಬನ್ನಿ. ಮೇಲುಕೋಟೆಯ ಸುತ್ತಲಿನ ಕುರುಚಲು ಗುಡ್ಡಗಳ ಬಹುಭಾಗ ತೋಳಗಳ ರಕ್ಷಣೆಗೆಂದು 1974ರಲ್ಲಿ ಘೋಷಿಸಿದ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಲ್ಲಿ ಅನುಮತಿಯಿಲ್ಲದೆ ತಂಗುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಕಾನೂನು ಹಾಗಿರಲಿ, ಮಂಡ್ಯ ಸೀಮೆಯಲ್ಲಿ ಚಿರತೆ ಕಬ್ಬಿನ ಗದ್ದೆಯೊಳಗೂ ಮರಿ ಹಾಕುವುದುಂಟು. ಬೆಳೆದು ನಿಂತ ಕಬ್ಬಿನ ಅಂಚಿನಲ್ಲಿ ಮಲಗುವುದು ಬುದ್ಧಿವಂತಿಕೆಯಲ್ಲ.

ಜನವಸತಿಯ ಹತ್ತಿರ, ಜಾಗದ ಒಡೆಯರ ಒಪ್ಪಿಗೆ ಪಡೆದು ಬಿಡಾರ ಹೂಡಿ. ತೋಟದ ಮನೆಯ ಅಂಗಳ ಎಲ್ಲಕ್ಕಿಂತ ಮೇಲು. ಬೇಸಿಗೆ ರಜೆಯಲ್ಲಿ ಖಾಲಿಯಿರುವ ಶಾಲೆಯ ಮೈದಾನವೂ ಒಳ್ಳೆಯದೇ, ಮುಖ್ಯೋಪಾಧ್ಯಾಯರನ್ನೋ ಶಾಲಾ ಸಮಿತಿಯವರನ್ನೋ ಹಿಂದಿನ ವಾರವೇ ಕೇಳಿಟ್ಟಿದ್ದರೆ. ಗುಂಪಿನಲ್ಲಿ ಒಬ್ಬರಿಗಾದರೂ ಆ ಕಡೆ ನೆಂಟರೋ ಸಹಪಾಠಿಯೋ ಇದ್ದೇ ಇರುತ್ತಾರೆ, ಅವರ ಮೂಲಕ ಮೊದಲೇ ಮಾತಾಡಿ. ಅದೂ ಆಗದಿದ್ದರೆ ಬೆಳಕಿರುವಾಗಲೇ, ಐದು ಗಂಟೆಯ ಒಳಗೆ, ಕೇಳಲು ಹೊರಡಿ. ಕತ್ತಲಲ್ಲಿ ಬಂದು ಬಾಗಿಲು ಬಡಿದವರಿಗೆ ಯಾರೂ ಜಾಗ ಕೊಡುವುದಿಲ್ಲ, ಕೊಡಲೂ ಬಾರದು.

ಇಬ್ಬರೇ ಹೋಗಿ ಕೇಳಿ, ಹೆಲ್ಮೆಟ್ ಮತ್ತು ಕಪ್ಪು ಕನ್ನಡಕ ತೆಗೆದು. "ಯಜಮಾನರೇ, ನಾವು ಮೈಸೂರಿನವರು, ಐದು ಜನ ಇದ್ದೇವೆ. ಮೇಲುಕೋಟೆಗೆ ಸೈಕಲ್ಲಿನಲ್ಲಿ ಹೊರಟಿದ್ದೇವೆ. ಇವತ್ತು ರಾತ್ರಿ ನಿಮ್ಮ ಅಂಗಳದಲ್ಲಿ ಮಲಗಿ, ಬೆಳಗ್ಗೆ ಆರಕ್ಕೆ ಹೊರಡಬಹುದೇ?" ಯಾರು, ಎಷ್ಟು ಜನ, ಎಲ್ಲಿಗೆ, ಯಾವಾಗ ಹೊರಡುತ್ತೀರಿ: ಕೇಳುವ ಮುಂಚೆಯೇ ಈ ನಾಲ್ಕು ಉತ್ತರ ಕೊಟ್ಟರೆ ಅರ್ಧ ಕೆಲಸ ಆದಂತೆ. ಮನೆಯ ಅಮ್ಮನನ್ನೂ ಮಾತಾಡಿಸಿ, ತೀರ್ಮಾನ ಹೆಚ್ಚಾಗಿ ಅವರದೇ. ಗುರುತಿನ ಚೀಟಿ ತೋರಿಸಿ. ನಿಮ್ಮ ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದರೆ ಶೌಚಾಲಯ, ಸ್ನಾನದ ಮನೆ ಇರುವ ತೋಟವನ್ನೇ ಮೊದಲು ಗೊತ್ತು ಮಾಡಿಕೊಳ್ಳಿ, ಕೊನೆಯ ಗಳಿಗೆಗೆ ಬಿಡಬೇಡಿ. ಮದ್ಯದ ಬಾಟಲಿ ತರಬೇಡಿ. ಒಂದು ಗುಂಪು ಕುಡಿದು ಗಲಾಟೆ ಮಾಡಿದರೆ ಆ ಊರಿನ ಬಾಗಿಲು ಮುಂದಿನ ಹತ್ತು ಗುಂಪಿಗೆ ಮುಚ್ಚುತ್ತದೆ.

ಜಾಗ ಸಿಕ್ಕ ಮೇಲೆ ಮೊದಲು ತಲೆಯೆತ್ತಿ ನೋಡಿ. ತೆಂಗಿನ ಮರದ ಕೆಳಗೆ ಟೆಂಟು ಹಾಕಲೇಬೇಡಿ. ಕಾಯಿ ಬಿದ್ದರೂ ಕೇಡು, ಒಣ ಗರಿ ಬಿದ್ದರೂ ಕೇಡು. ಒಂಟಿ ಮರ, ವಿದ್ಯುತ್ ತಂತಿ, ನಾಲೆಯ ದಂಡೆ, ಕೆರೆಯ ಅಂಗಳ ಇವೂ ಬೇಡ. ಆಮೇಲೆ ನೆಲ ನೋಡಿ: ಇರುವೆ ಗೂಡು, ಹುತ್ತ, ಕಲ್ಲಿನ ರಾಶಿ, ತೆಂಗಿನ ಸಿಪ್ಪೆಯ ಗುಡ್ಡೆ ಹತ್ತಿರವಿದ್ದರೆ ದೂರ ಸರಿಯಿರಿ. ಸಿಪ್ಪೆಯ ಗುಡ್ಡೆ ಚೇಳಿನ ತವರು.

ಬೇಸಿಗೆಯಲ್ಲಿ ಸೆಕೆಯೆಂದು ಬರಿಯ ಚಾಪೆ ಹಾಸಿ ಬಯಲಲ್ಲಿ ಮಲಗುವ ಆಸೆಯಾಗುತ್ತದೆ. ಬೇಡ. ಕಟ್ಟುಹಾವು ರಾತ್ರಿ ಸಂಚರಿಸುವ ಹಾವು, ನೆಲದಲ್ಲಿ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ, ಕಚ್ಚಿದ್ದು ನಿದ್ದೆಯಲ್ಲಿ ತಿಳಿಯದೆಯೂ ಹೋಗಬಹುದು. ತಳ ಹೊಲಿದಿರುವ, ಸೊಳ್ಳೆ ಪರದೆಯ ಗೋಡೆಯ ಟೆಂಟಿನೊಳಗೆ ಮಲಗಿ ಜಿಪ್ ಎಳೆದುಕೊಂಡರೆ ಗಾಳಿಯೂ ಬರುತ್ತದೆ, ಭಯವೂ ಇಲ್ಲ. ಟೆಂಟಿನ ಹೊರಹೊದಿಕೆ ಹಾಕಬೇಡಿ, ಮಳೆ ಬಂದರೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಚಪ್ಪಲಿ ಮೆಟ್ಟುವ ಮುಂಚೆ ಕೊಡವಿ, ರಾತ್ರಿ ಎದ್ದರೆ ಟಾರ್ಚು ಹಾಕಿಯೇ ಹೆಜ್ಜೆಯಿಡಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಅಲುಗಿಸದೆ ಆಸ್ಪತ್ರೆಗೆ ಒಯ್ಯಿರಿ. ಹತ್ತಿರದ ಸರ್ಕಾರಿ ಆಸ್ಪತ್ರೆ ಎಲ್ಲಿದೆ ಎಂಬುದನ್ನು ಸಂಜೆಯೇ ಯಜಮಾನರ ಬಳಿ ಕೇಳಿಟ್ಟುಕೊಳ್ಳಿ.

ಒಲೆ, ಗೊಜ್ಜವಲಕ್ಕಿ

ಕಟ್ಟಿಗೆಯ ಬೆಂಕಿ ಫೋಟೊದಲ್ಲಿ ಚೆಂದ. ಬೇಸಿಗೆಯಲ್ಲಿ ಒಣ ಹುಲ್ಲು, ಕಬ್ಬಿನ ತರಗು, ಹುಲ್ಲಿನ ಬಣವೆ ಎಲ್ಲ ಕಿಡಿಗೆ ಕಾಯುತ್ತಿರುತ್ತವೆ. ಮನೆಯವರು ತೋರಿಸಿದ ಒಲೆಯಲ್ಲದೆ ಬೇರೆಲ್ಲೂ ಬೆಂಕಿ ಹಾಕಬೇಡಿ. ಸಣ್ಣ ಗ್ಯಾಸ್ ಒಲೆಯಿದ್ದರೆ ಬರಿನೆಲದ ಮೇಲೆ, ಟೆಂಟಿನಿಂದ ದೂರ, ಪಕ್ಕದಲ್ಲಿ ಒಂದು ಬಿಂದಿಗೆ ನೀರಿಟ್ಟುಕೊಂಡು ಹಚ್ಚಿ. ಗ್ಯಾಸ್ ಡಬ್ಬಿಯನ್ನು ಹಗಲಲ್ಲಿ ಬಿಸಿಲು ತಾಗದಂತೆ ಚೀಲದ ಒಳಗಿಡಿ.

ಅಸಲಿಗೆ ಒಲೆಯೇ ಬೇಡದ ಅಡುಗೆ ನಮ್ಮಲ್ಲಿದೆ. ಗಟ್ಟಿ ಅವಲಕ್ಕಿಯನ್ನು ಮನೆಯಲ್ಲೇ ಮಿಕ್ಸಿಯಲ್ಲಿ ರವೆಯಷ್ಟು ತರಿಯಾಗಿ ಪುಡಿ ಮಾಡಿಕೊಳ್ಳಿ. ಹುಣಸೆಹಣ್ಣಿನ ಗಟ್ಟಿ ರಸಕ್ಕೆ ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ ಕುದಿಸಿ ಗೊಜ್ಜು ಮಾಡಿ ಡಬ್ಬಿಗೆ ತುಂಬಿ. ಕಡಲೆಕಾಯಿ ಬೀಜ, ಒಣಮೆಣಸು, ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಇನ್ನೊಂದು ಡಬ್ಬಿಗೆ. ಸಂಜೆ ಗೊಜ್ಜನ್ನು ನೀರಿನಲ್ಲಿ ಕದಡಿ ಅವಲಕ್ಕಿಯ ಮೇಲೆ ಸುರಿದು, ಬೆರಳಲ್ಲಿ ಬಿಡಿಸಿ, ಇಪ್ಪತ್ತು ನಿಮಿಷ ಮುಚ್ಚಿಡಿ. ನೀರು ಅವಲಕ್ಕಿಯ ಮಟ್ಟಕ್ಕಿಂತ ಒಂದು ಕೂದಲೆಳೆ ಕಡಿಮೆಯಿರಲಿ, ಹೆಚ್ಚಾದರೆ ಮುದ್ದೆಯಾಗುತ್ತದೆ. ಅರಳಿದ ಮೇಲೆ ಒಗ್ಗರಣೆ ಕಲಸಿ, ಒಣಕೊಬ್ಬರಿ ತುರಿ ಉದುರಿಸಿ. ತೆಂಗಿನ ತೋಟದಲ್ಲಿ ಕುಳಿತಿದ್ದರೆ ಹಸಿ ಕಾಯಿಯೇ ಸಿಕ್ಕೀತು.

ರಾತ್ರಿಯಿಂದ ಬೆಳಗಿನವರೆಗೆ ಕುಡಿಯಲು, ತೊಳೆಯಲು ಸೇರಿ ಒಬ್ಬರಿಗೆ ಮೂರು ಲೀಟರ್ ನೀರು ಬೇಕು. ಬೋರ್‌ವೆಲ್‌ಗೆ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿ, ಬಂದ ಕೂಡಲೇ ತುಂಬಿಸಿಕೊಳ್ಳಿ.

ಮಳೆ ಬಂದರೆ

ಏಪ್ರಿಲ್ ನಡುವಿನಿಂದ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳು ಸರದಿಯಲ್ಲಿ ಬರುತ್ತವೆ. ದಿನವಿಡೀ ಬೆಂದು, ಸಂಜೆ ನಾಲ್ಕೈದರ ಹೊತ್ತಿಗೆ ಮೋಡ ಕಟ್ಟಿ, ಮೊದಲು ಧೂಳಿನ ಗಾಳಿ, ಆಮೇಲೆ ಸಿಡಿಲು, ಕೊನೆಗೆ ಆನೆಕಲ್ಲಿನ ಮಳೆ. ನಿಮ್ಮ ಸಂಜೆಯ ಸವಾರಿಯ ಹೊತ್ತೂ ಅದೇ. ಹೊರಡುವ ಮುಂಚೆ ಹವಾಮಾನ ನೋಡಿ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್‌ನಲ್ಲಿ ಸುತ್ತಲಿನ ಸಿಡಿಲು ಗಮನಿಸಿ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸೈಕಲ್ ಬಿಟ್ಟು ಗೋಡೆ, ತಾರಸಿ ಇರುವ ಕಟ್ಟಡದೊಳಗೆ ಹೋಗಿ. ಮರದ ಕೆಳಗಲ್ಲ, ಟೆಂಟಿನೊಳಗೂ ಅಲ್ಲ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಬಿಡಾರಕ್ಕೆ ಜನವಸತಿಯ ಹತ್ತಿರವೇ ಜಾಗ ಹುಡುಕಿ ಎಂದದ್ದು ಇದಕ್ಕೂ ಸೇರಿ. ಓಡಿ ಸೇರಿಕೊಳ್ಳಲು ಒಂದು ಸೂರು ಬೇಕು.

ಎರಡನೆಯ ಮತ್ತು ಮೂರನೆಯ ಬೆಳಗು

ತೊಣ್ಣೂರಿನ ಕಡೆಯಿಂದ ಮೇಲುಕೋಟೆ ದೂರವಲ್ಲ, ಆದರೆ ಜಕ್ಕನಹಳ್ಳಿಯಲ್ಲಿ ತಿರುಗಿದ ಮೇಲೆ ಏರು. ಕತ್ತಲು ಹರಿಯುತ್ತಿದ್ದಂತೆ ಹೊರಟರೆ ಬಿಸಿಲೇರುವ ಮುಂಚೆ ಹತ್ತಿ ಮುಗಿಸಬಹುದು. ಏರು ಶುರುವಾಗುವ ಮುಂಚೆಯೇ ಹಗುರ ಗೇರಿಗೆ ಬನ್ನಿ, ಮಾತಾಡಲು ಆಗುವಷ್ಟೇ ದಮ್ಮಿನಲ್ಲಿ ತುಳಿಯಿರಿ. ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವೇನೂ ಇಲ್ಲ.

ಮೇಲುಕೋಟೆಯಲ್ಲಿ ಎರಡನೆಯ ರಾತ್ರಿಯನ್ನು ಸೂರಿನಡಿ ಕಳೆಯಿರಿ. ಛತ್ರಗಳು, ವಸತಿಗೃಹಗಳು ಇವೆ, ಮೊದಲೇ ಫೋನಿನಲ್ಲಿ ವಿಚಾರಿಸಿ. ಒಂದು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಮರುದಿನ ಸ್ನಾನವೂ ಫ್ಯಾನೂ ಸಿಕ್ಕರೆ ಗುಂಪಿನ ಮನಸ್ಸು ಹಗುರವಾಗುತ್ತದೆ. ಬೆಳಗ್ಗೆ ಯೋಗನರಸಿಂಹನ ಬೆಟ್ಟ, ಸಂಜೆ ಕಲ್ಯಾಣಿ, ನಡುವೆ ಪುಳಿಯೋಗರೆ, ಸಕ್ಕರೆ ಪೊಂಗಲು ಮತ್ತು ದೀರ್ಘ ನಿದ್ದೆ. ವೈರಮುಡಿ ಉತ್ಸವದ ವಾರ ಮಾತ್ರ ಈ ಕಡೆ ಬರಬೇಡಿ, ಅಂದರೆ ಸೈಕಲ್ಲಿನಲ್ಲಿ ಬರಬೇಡಿ. ರೂಮೂ ಸಿಗುವುದಿಲ್ಲ, ರಸ್ತೆಯೂ ಸಿಗುವುದಿಲ್ಲ.

ಮೂರನೆಯ ಬೆಳಗು ಇಳಿಜಾರಿನಿಂದ ಶುರು. ಹೊರಡುವ ಮುಂಚೆ ಪ್ರತಿಯೊಬ್ಬರ ಬ್ರೇಕ್ ನೋಡಿ, ಚೀಲಗಳನ್ನು ಮತ್ತೊಮ್ಮೆ ಬಿಗಿಯಿರಿ. ಸಾಮಾನು ಹೊತ್ತ ಸೈಕಲ್ ನಿಲ್ಲಲು ಹೆಚ್ಚು ದೂರ ಬೇಕು. ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಿರಿ, ಒಬ್ಬರಿಂದ ಒಬ್ಬರಿಗೆ ಎರಡು ಬಸ್ಸಿನಷ್ಟು ಅಂತರವಿರಲಿ, ಮುಂದಿನವರು "ಗುಂಡಿ", "ಹಂಪ್", "ನಾಯಿ" ಎಂದು ಕೂಗಿ ಹೇಳಲಿ. ನಾಯಿ ಅಟ್ಟಿಸಿಕೊಂಡು ಬಂದರೆ ಸೈಕಲ್ಲನ್ನು ಜೋರಾಗಿ ಓಡಿಸಬೇಡಿ. ಇಳಿದು, ನಾಯಿಗೂ ನಿಮಗೂ ನಡುವೆ ಸೈಕಲ್ ಬರುವಂತೆ ಹಿಡಿದು ನಡೆಯಿರಿ. ಮುಕ್ಕಾಲು ಪಾಲು ನಾಯಿಗಳಿಗೆ ಅಲ್ಲಿಗೆ ಆಸಕ್ತಿ ಹೋಗುತ್ತದೆ. ಮೈಸೂರಿಗೆ ಸುಮಾರು 50 ಕಿ.ಮೀ. ಐದೂವರೆಗೆ ಬಿಟ್ಟರೆ ಶ್ರೀರಂಗಪಟ್ಟಣದಲ್ಲಿ ತಿಂಡಿ. ಯಾರಾದರೂ ದಣಿದರೆ ಹತ್ತಕ್ಕೆ ಅಲ್ಲೇ ನಿಲ್ಲಿಸಿ ಸಂಜೆ ಮುಂದುವರಿಯಿರಿ, ನಿಯಮ ಕೊನೆಯ ದಿನಕ್ಕೂ ನಿಯಮವೇ.

ಖರ್ಚಿಗೆ ಹೊರಡುವ ದಿನವೇ ಎಲ್ಲರಿಂದ ಸಮನಾಗಿ ದುಡ್ಡು ಕೂಡಿಸಿ ಒಬ್ಬರ ಕೈಗೆ ಕೊಟ್ಟಿದ್ದರೆ ಮೈಸೂರಿನ ಕೊನೆಯ ಕಾಫಿಯ ಮೇಜಿನಲ್ಲೇ ಲೆಕ್ಕ ಮುಗಿಯುತ್ತದೆ. ಉಳಿದ ದುಡ್ಡಿನಲ್ಲಿ ಅಂಗಳ ಕೊಟ್ಟವರ ಜೊತೆ ತೆಗೆಸಿಕೊಂಡ ಫೋಟೊವನ್ನು ಪ್ರಿಂಟ್ ಹಾಕಿಸಿ ಅವರಿಗೆ ಅಂಚೆಯಲ್ಲಿ ಕಳಿಸಿ. ದುಡ್ಡು ಕೊಡಲು ಹೋದರೆ ಹೆಚ್ಚಿನವರು ತೆಗೆದುಕೊಳ್ಳುವುದಿಲ್ಲ, ಫೋಟೊವನ್ನು ಗೋಡೆಗೆ ಹಾಕುತ್ತಾರೆ. ಚೈನಿನ ಧೂಳು ಒರೆಸಿ ಎಣ್ಣೆ ಬಿಡುವ ಕೆಲಸವನ್ನು ಮಾತ್ರ ಅಂದೇ ಮಾಡಿ. ನಾಳೆ ಎಂದವರ ಸೈಕಲ್ ಮುಂದಿನ ಸವಾರಿಯವರೆಗೆ ಹಾಗೇ ಇರುತ್ತದೆ.